ಗೋದಲಿಯ ಹುಲ್ಲು ಬಿತ್ತೋಕೆ ಇದೇ ಟೈಮು

ಕ್ರಿಸ್ಮಸ್‌ಗೆ ಹದಿನೈದು ದಿನ ಇದೆ ಅನ್ನುವಾಗ್ಲೇ ಶುರು ಮಾಡ್ಬೇಕು, ಯಾಕಂದ್ರೆ ಹುಲ್ಲು ನಮ್ಮ ಅವಸರಕ್ಕೆ ಬೆಳೆಯಲ್ಲ. ಮಂಗಳೂರು ಕಡೆ ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ಭತ್ತನೋ ರಾಗಿನೋ ಮೊಳಕೆ ಬರಿಸಿ ಪುಟ್ಟ ಗದ್ದೆ ಮಾಡೋದು ಹಳೇ ರೂಢಿ, ಆಮೇಲೆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಬಂತು ನೋಡಿ, ಎಷ್ಟೋ ಮನೇಲಿ ಭತ್ತದ ನೆನಪೇ ಹೋಯ್ತು.

ಒಂದು ಪಾವು ಭತ್ತ ತಗೊಳ್ಳಿ. ಒಂದು ರಾತ್ರಿ ಒಂದು ಹಗಲು ನೆನೆಸಿ, ನೀರು ಬಸಿದು ಹಳೇ ಬೈರಾಸಲ್ಲಿ ಕಟ್ಟಿ ಮೂಲೇಲಿಡಿ, ಬಟ್ಟೆ ಒಣಗಬಾರ್ದು ಅಷ್ಟೆ. ಎರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತೆ. ಅಡಿಕೆ ಹಾಳೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಮಣ್ಣೇ ಕಾಣದ ಹಾಗೆ ಒತ್ತೊತ್ತಾಗಿ ಚೆಲ್ಲಿ. ನೀರು ಕೈಯಲ್ಲೇ ಚಿಮುಕಿಸಿ. ನಾನು ಮೊದಲ ಸಲ ತಂಬಿಗೆಯಿಂದ ಸುರಿದು ಭತ್ತ ಎಲ್ಲಾ ಒಂದೇ ಮೂಲೆಗೆ ಹೋಗಿ ಬೆತ್ಲೆಹೇಮಿಗೆ ನೆರೆ ಬಂದಂಗಿತ್ತು. ಹತ್ತು ದಿನಕ್ಕೆ ನಾಲ್ಕು ಬೆರಳು ಎತ್ತರ ಬರುತ್ತೆ. ಕ್ರೊಯೇಷಿಯಾದಲ್ಲೂ ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದ ದಿನ ಗೋಧಿ ಬಿತ್ತಿ ಕ್ರಿಸ್ಮಸ್‌ಗೆ ಹಸಿರು ಮಾಡ್ತಾರೆ, ಲೆಕ್ಕ ಹೆಚ್ಚುಕಮ್ಮಿ ನಮ್ಮದೇ.

ಗೋದಲಿಯ ಗುಡ್ಡಕ್ಕೆ ಥರ್ಮಾಕೋಲ್ ಬೇಡ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಲ್ಲೇ ಬ್ಯಾನ್. ಹಳೇ ಗೋಣಿಯನ್ನ ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ರಟ್ಟಿನ ಡಬ್ಬದ ಮೇಲೆ ಹೊದಿಸಿ, ಒಣಗಿದ್ಮೇಲೆ ಅದೇ ಬಂಡೆ. ಬಾವಿಕಟ್ಟೆಯ ಹಾವಸೆ ಕಿತ್ತು ತರೋದೂ ಬೇಡ, ಅದು ಅಲ್ಲೇ ಚಂದ.

ನಕ್ಷತ್ರ ಮಾಡೋದು ಕಷ್ಟ ಅಂತಾರೆ, ಸುಳ್ಳು. ಎರಡಡಿ ಉದ್ದದ ಹತ್ತು ಬಿದಿರಿನ ಕಡ್ಡಿ, ಐದೈದರಲ್ಲಿ ಒಂದೊಂದು ನಕ್ಷತ್ರ ಕಟ್ಟಿ ಒಂದರ ಮೇಲೊಂದಿಟ್ಟು ಐದೂ ತುದಿ ಸೇರಿಸಿ ಬಿಗೀರಿ, ಆಮೇಲೆ ಒಳಗೆ ಕಡ್ಡಿಗಳು ಅಡ್ಡ ಹಾಯುವ ಐದು ಜಾಗದಲ್ಲಿ ಗೇಣಿಗಿಂತ ಸ್ವಲ್ಪ ಚಿಕ್ಕ ಕಡ್ಡಿ ನಿಲ್ಲಿಸಿದ್ರೆ ಹೊಟ್ಟೆ ಉಬ್ಬಿಕೊಳ್ಳುತ್ತೆ. ಗಾಳಿಪಟದ ಕಾಗದ, ಮೈದಾ ಅಂಟು. ಮಿಂಚುವ ಪೇಪರ್ ತರಬೇಡಿ, ಅದರ ಮಿಂಚು ಪ್ಲಾಸ್ಟಿಕ್ಕೇ. ಬಲ್ಬ್ ಹಾಕೋಕೆ ಒಂದು ಕಡೆ ತೆರೆದಿಡಿ, ಸಣ್ಣ ಎಲ್‌ಇಡಿ ಸಾಕು, ಹಳೇ ಬಲ್ಬಿನ ಬಿಸಿಗೆ ಕಾಗದ ಕರಟಿ ಹೋಗುತ್ತೆ.

ಕ್ರಿಸ್ಮಸ್ ಮರಕ್ಕೆ ಗಾಳಿಮರದ ಒಂದು ಗೆಲ್ಲು ಸಾಕು, ಇಡೀ ಗಿಡ ಕಡೀಬೇಡಿ.

ಇನ್ನು ಕುಸ್ವಾರ್, ಅಂದ್ರೆ ಕ್ರಿಸ್ಮಸ್‌ಗೆ ಮಾಡಿ ಹಂಚೋ ತಿಂಡಿಗಳು. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲಾ ಮನೇಲೇ ಮಾಡಿ ಕೊನೆಗೆ ಹಂಚೋದು ಪ್ಲಾಸ್ಟಿಕ್ ಬಾಕ್ಸಲ್ಲಿ, ಇದೆಂಥ ಮಾರ್ರೆ? ಸ್ಟೀಲ್ ಪ್ಲೇಟಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚಿ ಮಕ್ಕಳ ಕೈಲಿ ಕಳ್ಸಿ. ಪ್ಲೇಟು ವಾಪಸ್ ಬರುತ್ತಾ ಅಂತ ಕೇಳ್ತೀರಾ? ನಮ್ಮ ಪಕ್ಕದ ಮನೆ ಅಕ್ಕ ಖಾಲಿ ಪ್ಲೇಟ್ ಯಾವತ್ತೂ ಕೊಟ್ಟಿಲ್ಲ, ಬಾಳೆಹಣ್ಣಾದ್ರೂ ಇಟ್ಟೇ ಕೊಡ್ತಾರೆ.

ಜನವರಿ 6, ಬಾಲಯೇಸುವನ್ನ ನೋಡೋಕೆ ಬಂದ ಮೂರು ರಾಯರ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚುವಾಗ ಹುಲ್ಲು ದನಕ್ಕೆ ಹಾಕಿ, ಮಣ್ಣು ಬಸಳೆ ಬುಡಕ್ಕೆ ಸುರೀರಿ.