ಬಿಎಫ್‌ಸಿ ಬಗ್ಗೆ ವಾದಕ್ಕೆ ಕೂರುವ ಮುಂಚೆ

ನಮ್ಮ ಫುಟ್‌ಬಾಲ್ ತಂಡ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಸೋತ ರಾತ್ರಿಯೇ ವಾದಕ್ಕೆ ಇಳಿಯಬೇಡಿ. ಬೆಳಿಗ್ಗೆ ಎದ್ದು, ಗೋಲು ಬಿಟ್ಟುಕೊಟ್ಟ ಆ ಹತ್ತು ಸೆಕೆಂಡನ್ನು ಮತ್ತೆ ನೋಡಿ. ಎಲ್ಲರೂ ಡಿಫೆಂಡರ್‌ಗೆ ಬೈಯುತ್ತಿರುತ್ತಾರೆ, ಆದರೆ ಸ್ವಲ್ಪ ಹಿಂದಕ್ಕೆ ಹೋದರೆ ಮಧ್ಯದಲ್ಲಿ ಚೆಂಡು ಕಳೆದುಕೊಂಡು ಅಲ್ಲೇ ನಿಂತವರು ಯಾರು, ಮುಂದೆ ಓಡಿದ ಫುಲ್‌ಬ್ಯಾಕ್ (ಅಂಚಿನಲ್ಲಿ ಆಡುವ ಡಿಫೆಂಡರ್) ಯಾಕೆ ವಾಪಸ್ ಬರಲಿಲ್ಲ ಅನ್ನುವುದು ಕಾಣುತ್ತದೆ. ಕಂಠೀರವ ಸ್ಟೇಡಿಯಂಗೆ ಹೋದಾಗ ಚೆಂಡು ಬಿಟ್ಟು ಐದು ನಿಮಿಷ ಒಬ್ಬ ಆಟಗಾರನನ್ನೇ ನೋಡಿ. ಟಿವಿಯಲ್ಲಿ ಅದು ಸಿಗಲ್ಲ.

ಸ್ಟ್ರೈಕರ್ ಸುನಿಲ್ ಛೆಟ್ರಿಗೆ ವಯಸ್ಸಾಯ್ತು ಅನ್ನುವವರಿಗೆ 2024-25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ನೆನಪಿಸಿ. 40ನೇ ವಯಸ್ಸಿನಲ್ಲಿ 14 ಗೋಲು! ಹಾಗಂತ ಅವರ ನಂತರ ಯಾರು ಅಂತ ಕೇಳಿದವರ ಮೇಲೆ ಸುಮ್ನೆ ಹರಿಹಾಯಬೇಡಿ, ಅದು ನ್ಯಾಯವಾದ ಪ್ರಶ್ನೆಯೇ.

ಹೊಸಬರನ್ನು ತನ್ನಿ ಅನ್ನುವುದಾದರೆ ಯಾರ ಜಾಗಕ್ಕೆ ಅಂತಲೂ ಹೇಳಿ. 2021-22ರಲ್ಲಿ ಐಎಸ್‌ಎಲ್ ಮೈದಾನದಲ್ಲಿ ಒಮ್ಮೆಗೆ 4 ವಿದೇಶಿಯರು ಸಾಕು ಅಂದಿತು, ಅಂಥ ಮಿತಿಯಲ್ಲಿ ಇನ್ನೊಬ್ಬ ವಿದೇಶಿ ಸ್ಟ್ರೈಕರ್ ಬಂದರೆ ಬೇರೊಬ್ಬ ಹೊರಗೆ ಕೂರಬೇಕು, ಅಲ್ವಾ? ಗೋಲು ಹೊಡೆಯುವವರು ಸ್ಟ್ರೈಕರ್‌ಗಳೇ ಆಗಬೇಕಿಲ್ಲ. 2019ರ ಐಎಸ್‌ಎಲ್ ಫೈನಲ್‌ನಲ್ಲಿ, ಎಕ್ಸ್‌ಟ್ರಾ ಟೈಮ್‌ನಲ್ಲಿ, ಕಾರ್ನರ್‌ಗೆ ತಲೆ ಕೊಟ್ಟು ನಮಗೆ ಕಪ್ ತಂದವರು ಡಿಫೆಂಡರ್ ರಾಹುಲ್ ಭೇಕೆ.