ರೀಲು ಹಾಕುವ ಮುನ್ನ: ಹಳೇ ಸೂಪರ್ 8 ಕ್ಯಾಮೆರಾ ನಾನು ಪರೀಕ್ಷಿಸುವ ಬಗೆ

ಸೂಪರ್ 8 ಅಂದರೆ 8 ಮಿ.ಮೀ. ಅಗಲದ ಫಿಲ್ಮಿನಲ್ಲಿ ಚಲನಚಿತ್ರ ಹಿಡಿಯುವ ಪುಟ್ಟ ಕ್ಯಾಮೆರಾ. ಬಟನ್ ಒತ್ತಿದರೆ ಗರ್ ಅನ್ನುತ್ತೆ, ಎಷ್ಟು ಅಡಿ ಫಿಲ್ಮು ಓಡಿದೆ ಅಂತ ತೋರಿಸುವ ಮುಳ್ಳೂ ಸರಿಯುತ್ತೆ. ಇಷ್ಟು ನೋಡಿ ರೀಲು ಹಾಕಬೇಡಿ. ಎಷ್ಟೋ ಮಾದರಿಗಳಲ್ಲಿ ಆ ಮುಳ್ಳನ್ನು ಓಡಿಸೋದು ಮೋಟಾರು. ಫಿಲ್ಮು ಒಂದಿಂಚೂ ಕದಲದಿದ್ದರೂ ಅದು ಓಡುತ್ತಲೇ ಇರುತ್ತೆ. ಇಲ್ಲಿ ರೀಲು ಅಂದರೆ ಕಾರ್ಟ್ರಿಜ್ ಅನ್ನೋ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿರೋ ಫಿಲ್ಮು 50 ಅಡಿ. ಸೆಕೆಂಡಿಗೆ 18 ಫ್ರೇಮಿನಂತೆ (ಫ್ರೇಮು ಅಂದರೆ ಒಂದೊಂದು ಬಿಡಿ ಚಿತ್ರ) 3 ನಿಮಿಷ 20 ಸೆಕೆಂಡಿಗೆ ಮುಗೀತು. ದಾವಣಗೆರೆಯಿಂದ ಲ್ಯಾಬಿಗೆ ಕಳಿಸಿ, ವಾರಗಟ್ಟಲೆ ಕಾದು, ಕೊನೆಗೆ ಖಾಲಿ ಫಿಲ್ಮು ಬಂದರೆ ಯಾರನ್ನೂ ಬೈಯೋಕಾಗಲ್ಲ.

ಮೊದಲು ಸೆಲ್ಲಿನ ಗೂಡು. 'ಮೋಟಾರು ಸತ್ತಿದೆ' ಅಂತ ಕೈಗೆ ಬಂದ ಕ್ಯಾಮೆರಾಗಳಲ್ಲಿ ನಾನು ಮೊದಲು ಅನುಮಾನಿಸೋದು ಇದನ್ನೇ. ಹಳೇ ಆಲ್ಕಲೈನ್ ಸೆಲ್ ಸೋರಿ ತಗಡಿನ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿರುತ್ತೆ. ಅದು ಕ್ಷಾರ, ಕಿವಿಕಡ್ಡಿಯನ್ನು ವಿನಿಗರ್‌ನಲ್ಲಿ ಅದ್ದಿ ಒರೆಸಿದರೆ ನೊರೆಯೆದ್ದು ಕರಗುತ್ತೆ. ವಿನಿಗರ್ ಇಲ್ಲದಿದ್ದರೆ ನಿಂಬೆರಸ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, 600 ನಂಬರಿನ ಪಾಲಿಷ್ ಕಾಗದದಿಂದ ಮೆಲ್ಲಗೆ ಉಜ್ಜಬೇಕು. ನಾಲ್ಕು ಹೊಸ ಎಎ ಸೆಲ್ ಹಾಕಿ ಮಲ್ಟಿಮೀಟರ್ ಹಿಡಿದರೆ 6 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತೆ. ಅಳೆಯಬೇಕಾದ್ದು ಬಟನ್ ಒತ್ತಿ ಹಿಡಿದಾಗ. ಆಗ 5ಕ್ಕಿಂತ ಕೆಳಗಿಳಿದರೆ ಸೆಲ್ಲಿಗೆ ದಮ್ಮಿಲ್ಲ, ಇಲ್ಲವೇ ಮೋಟಾರು ಬಿಗಿದಿದೆ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇಲ್ಲಿ ನಡೆಯಲ್ಲ, ಅಷ್ಟು ಕರೆಂಟ್ ಕೊಡೋ ಶಕ್ತಿ ಅದಕ್ಕಿಲ್ಲ.

ವರ್ಷಗಟ್ಟಲೆ ಓಡದೆ ಒಳಗಿನ ಗ್ರೀಸು ಗಟ್ಟಿಯಾಗಿದ್ದರೆ ಸದ್ದು ಎಳೆದೆಳೆದು ಬರುತ್ತೆ. ರೀಲಿಲ್ಲದೆ 30 ಸೆಕೆಂಡು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಹೀಗೆ ಹತ್ತು ಸಲ ಮಾಡಿದರೆ ಬಹಳಷ್ಟು ಸಡಿಲವಾಗುತ್ತೆ. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಮಾತ್ರ ಬೇಡವೇ ಬೇಡ; ಆ ಎಣ್ಣೆ ಹರಿದು ಬೆಳಕನ್ನು ತಡೆದು ಬಿಡುವ ಶಟರಿಗೂ, ಎಷ್ಟು ಬೆಳಕು ಬರಬೇಕು ಅಂತ ಹದ ಮಾಡುವ ಅಪರ್ಚರ್ ಎಲೆಗಳಿಗೂ ಅಂಟಿಕೊಂಡರೆ ಕ್ಯಾಮೆರಾದ ಕಥೆ ಮುಗೀತು.

ಇನ್ನು ವೇಗ. ಬಾಗಿಲು ತೆಗೆದು, ಲೆನ್ಸನ್ನು ಕಿಟಕಿಯ ಕಡೆ ತಿರುಗಿಸಿ, ಹಿಂದಿನಿಂದ ಗೇಟಿನ, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಜಾಗದ, ಚಿಕ್ಕ ಕಿಂಡಿಯೊಳಗೆ ಇಣುಕಿ. ಕ್ಯಾಮೆರಾ ಓಡುವಾಗ ಬೆಳಕು ಮಿಣುಕಬೇಕು. ಅದನ್ನೇ ಮೊಬೈಲಿನ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಹಿಡಿದು ಎಣಿಸಿ. 18ರ ವೇಗವಿದ್ದರೆ ಮೊಬೈಲಿನ 40 ಫ್ರೇಮಿನಲ್ಲಿ ಶಟರು ಮೂರು ಸಲ ತೆರೆದಿರುತ್ತೆ. ಎರಡೇ ಸಲವಾದರೆ ವೇಗ 12ಕ್ಕೆ ಕುಸಿದಿದೆ. ತೆರೆಯಲ್ಲಿ ಜನ ಓಡೋಡಿ ನಡೆಯುತ್ತಾರೆ.

ಕಿಂಡಿಯ ಪಕ್ಕದಲ್ಲೇ ಫಿಲ್ಮನ್ನು ಕೆಳಗೆಳೆಯುವ ಉಗುರು ಇರುತ್ತೆ. ಅದರ ಸುತ್ತ ಕಸ ಕಟ್ಟಿದ್ದರೆ ಚಿತ್ರ ನಡುಗುತ್ತೆ. ಹಲ್ಲುಕಡ್ಡಿಯಿಂದ ಬಿಡಿಸಿ, ಪಿನ್ನಿನಿಂದಲ್ಲ. ಗೇಟಿನ ಮೇಲೆ ಒಂದು ಗೀರು ಬಿದ್ದರೆ ರೀಲಿನುದ್ದಕ್ಕೂ ಗೆರೆ ಬರುತ್ತೆ. ಕ್ಯಾಮೆರಾ ಓಡುವಾಗ, ಫಿಲ್ಮನ್ನು ಸುತ್ತಿಕೊಳ್ಳುವ ಕೀಲಿಗೆ ಬೆರಳು ಒತ್ತಿ ನೋಡಿ: ಹಗುರಾಗಿ ತಡೆದು ಜಾರಬೇಕು. ಮುಟ್ಟಿದ ಕೂಡಲೇ ನಿಂತರೆ ಆ ಕೀಲಿಗೆ ಹಿಡಿತ ಕೊಡುವ ಕ್ಲಚ್ ಸೋತಿದೆ, ಫಿಲ್ಮು ಒಳಗೇ ಗುಡ್ಡೆಯಾಗುತ್ತೆ.

ಕೊನೆಯ ಪರೀಕ್ಷೆಗೆ ಅವಧಿ ಮೀರಿದ ಕಾರ್ಟ್ರಿಜ್ ಒಂದನ್ನು ಮೀಸಲಿಟ್ಟಿರಿ. ಹೊರಗೆ ಕಾಣುವ ಫಿಲ್ಮಿನ ಮೇಲೆ ಮಾರ್ಕರಿನಿಂದ ಚುಕ್ಕಿ ಇಟ್ಟು, ಕ್ಯಾಮೆರಾಕ್ಕೆ ಹಾಕಿ 10 ಸೆಕೆಂಡು ಓಡಿಸಿ. 180 ಫ್ರೇಮು, ಸುಮಾರು 76 ಸೆಂ.ಮೀ. ಸರಿದಿರಬೇಕು, ಅಂದರೆ ಚುಕ್ಕಿ ಕಾಣಬಾರದು. ಕಂಡರೆ ಕಾರ್ಟ್ರಿಜ್ಜನ್ನು ಅಂಗೈಗೆ ಒಂದೆರಡು ಸಲ ತಟ್ಟಿ, ನಡುವಿನ ತಿರುಳನ್ನು ಅದು ತಿರುಗುವ ದಿಕ್ಕಿಗೆ ತುಸು ತಿರುಗಿಸಿ ಸಡಿಲ ಎಳೆದುಕೊಳ್ಳಿ, ಮತ್ತೊಮ್ಮೆ ನೋಡಿ.

ಕೆಲವು ಕ್ಯಾಮೆರಾಗಳಲ್ಲಿ ಬೆಳಕು ಅಳೆಯುವ ಲೈಟ್ ಮೀಟರಿಗೆ ಬೇರೆಯೇ ಗುಂಡಿ ಸೆಲ್ ಇರುತ್ತೆ. ಅದು 1.35 ವೋಲ್ಟಿನ ಪಾದರಸದ ಸೆಲ್, ಈಗ ಬರೋದಿಲ್ಲ. ಅದೇ ಅಳತೆಯ 1.5ರ ಆಲ್ಕಲೈನ್ ಹಾಕಿದರೆ ಮೀಟರು ಬೆಳಕು ಹೆಚ್ಚಿದೆ ಅಂತ ಮೋಸಹೋಗಿ ಅಪರ್ಚರ್ ಮುಚ್ಚುತ್ತೆ, ಚಿತ್ರ ಕಪ್ಪಾಗುತ್ತೆ. ಶ್ರವಣಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ 1.4 ವೋಲ್ಟು, ಇದಕ್ಕೆ ಹತ್ತಿರ. ಸ್ಟಿಕರ್ ಕಿತ್ತು ಐದು ನಿಮಿಷ ಗಾಳಿಗಿಟ್ಟು, ಸುತ್ತ ರಬ್ಬರ್ ಉಂಗುರ ಕೂರಿಸಿ ಹಾಕಿ. ಗಾಳಿಯ ತೂತು ಮುಚ್ಚಬಾರದು. ನಮ್ಮ ಒಣ ಬೇಸಿಗೆಯಲ್ಲಿ ಇದು ಬೇಗ ಆರುತ್ತೆ, ಶೂಟಿಂಗಿನ ದಿನವೇ ಸ್ಟಿಕರ್ ತೆಗೆಯಿರಿ.

ಹೊರಗಿನ ಬೆಳಕು ನುಗ್ಗದಂತೆ ತಡೆಯುವ ಬಾಗಿಲಿನ ಸ್ಪಂಜು ಕರಗಿ ಡಾಂಬರಿನಂತಾಗಿದ್ದರೆ ಆಲ್ಕೋಹಾಲಿನಿಂದ ಪೂರ್ತಿ ತೆಗೆದು, ಕರಿ ಹೆಣಿಗೆ ದಾರವನ್ನು ಸ್ಪಂಜು ಇದ್ದ ಸಂದಿನಲ್ಲಿ ಕೂರಿಸಬಹುದು. ಚಳ್ಳಕೆರೆ ಕಂಬಳಿಯ ಕರಿ ಉಣ್ಣೆ ಆಸೆ ಹುಟ್ಟಿಸುತ್ತೆ, ಆದರೆ ಎಳೆ ಉದುರಿ ಗೇಟಿಗೆ ಕೂದಲಾಗಿ ಅಂಟುತ್ತೆ. ಮಳೆಗಾಲಕ್ಕೆ ಅಕ್ಕಿ ಡಬ್ಬದಲ್ಲಿಡೋ ಅಭ್ಯಾಸವೂ ಬಿಡಿ, ಅಕ್ಕಿಯ ಹಿಟ್ಟು ಎಲ್ಲೆಡೆ ನುಗ್ಗುತ್ತೆ. ಸಿಲಿಕಾ ಜೆಲ್ ಸಾಕು.

ಮೊದಲ ರೀಲಿಗೆ ಚಿತ್ರದುರ್ಗದ ಕೋಟೆಗೆ ಹೋಗುವವರು ಕೊಡಕ್ 50ಡಿ ಒಯ್ಯಿರಿ, ಅದು ಹಗಲ ಬೆಳಕಿಗೇ ಮಾಡಿದ, ಬೆಳಕಿಗೆ ಕಡಿಮೆ ಸೂಕ್ಷ್ಮವಾದ ಫಿಲ್ಮು. 18ರ ವೇಗದಲ್ಲಿ ಎಕ್ಸ್‌ಪೋಷರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಸುಮಾರು 40ನೇ ಒಂದು ಭಾಗ. ನಡುಹಗಲ ಬಿಸಿಲಿಗೆ 50ಡಿಗೆ ಅಪರ್ಚರ್ ಎಫ್ 16–18 ಬೇಕಾಗುತ್ತೆ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), 200ರ ಫಿಲ್ಮಿಗೆ 36ರ ಹತ್ತಿರ. ಅಷ್ಟು ಮುಚ್ಚುವ ಲೆನ್ಸು ಇವುಗಳಲ್ಲಿ ಅಪರೂಪ. ಒಳಗಿನ ಕಿತ್ತಳೆ ಫಿಲ್ಟರಿನ ಸ್ವಿಚ್ಚು 50ಡಿಗೆ ಬಲ್ಬಿನ ಗುರುತಿನಲ್ಲಿರಬೇಕು, ನೀವು ಸುಡುಬಿಸಿಲಲ್ಲಿ ನಿಂತಿದ್ದರೂ ಸರಿಯೇ: ಬಲ್ಬ್ ಅಂದರೆ ಫಿಲ್ಟರು ಪಕ್ಕಕ್ಕೆ ಸರಿದಿದೆ ಅಂತ.