ಹಳೆಯ ಜೋಡುನಳಿಗೆ ಕೋವಿಗೆ ಸೀಸವಿಲ್ಲದ ತೋಟಾ: ಮೊದಲು ನಳಿಗೆಯ ಮುದ್ರೆ ಓದಿ

ನೀರುಹಕ್ಕಿಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಯೂ (ತೋಟಾದೊಳಗಿನ ಸಣ್ಣ ಗುಂಡು) ಅದರ ಜೊತೆ ಹೊಟ್ಟೆ ಸೇರಿ ವಿಷವಾಗುತ್ತದೆ. ಅದಕ್ಕೇ ಅಮೆರಿಕದಲ್ಲಿ 1991ರಿಂದ, ಇಂಗ್ಲೆಂಡಿನಲ್ಲಿ 1999ರಿಂದ ನೀರುಹಕ್ಕಿಗಳಿಗೆ ಸೀಸ ಹಾರಿಸುವಂತಿಲ್ಲ. ಆದರೆ ನೂರು ವರ್ಷದ ಇಂಗ್ಲಿಷ್ ಕೋವಿಗಳ ತೆಳುನಳಿಗೆ ರೂಪುಗೊಂಡದ್ದು ಮೆತ್ತನೆಯ ಸೀಸಕ್ಕೆ. ತೋಟಾ ಕೊಳ್ಳುವ ಮೊದಲು ಕೋವಿಯನ್ನೇ ಪರೀಕ್ಷಿಸಿ.

ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ನಳಿಗೆ ಕಳಚಿ, ತಳದ ಚಪ್ಪಟೆ ಭಾಗ ಒರೆಸಿ. ನಳಿಗೆಯ ಬಲ ಪರೀಕ್ಷಿಸುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ ಮುದ್ರೆಗಳು ಇರುವುದು ಅಲ್ಲೇ. ಎನ್‌ಪಿ, ಬಿಎನ್‌ಪಿ ಅಥವಾ ನೈಟ್ರೋ ಪ್ರೂಫ್ ಎಂದು, ಅಂದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂದು, ಇರಲೇಬೇಕು. ಇಲ್ಲದಿದ್ದರೆ ಅದು ಕರಿಮದ್ದಿನ ಕೋವಿ; ಅಂಗಡಿಯ ಈಗಿನ ತೋಟಾ ಯಾವ ಚರೆಯದಾದರೂ ಅದಕ್ಕೆ ಹಾಕಬೇಡಿ. 1954ಕ್ಕಿಂತ ಹಿಂದಿನ ಮುದ್ರೆಯಲ್ಲಿ ಒತ್ತಡ ಇರುವುದಿಲ್ಲ, ಚರೆಯ ಗರಿಷ್ಠ ತೂಕ ಇರುತ್ತದೆ, ಉದಾಹರಣೆಗೆ 1⅛ ಔನ್ಸ್. ಆಮೇಲಿನದರಲ್ಲಿ ಚದರ ಇಂಚಿಗೆ 3 ಟನ್ ಎಂಬಂಥ ಒತ್ತಡದ ಅಂಕಿ ಸಿಗುತ್ತದೆ. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್‌ಗೆ ಪೂಜೆಗೊಳ್ಳುವ ಕೋವಿ ಇಂಗ್ಲೆಂಡಿನದಾಗಿದ್ದರೆ ಅದನ್ನೂ ಹೀಗೆಯೇ ಓದಬಹುದು.

ಮುದ್ರೆ ಸಾಲದು. ಅದು ಬಿದ್ದ ದಿನದಿಂದ ನಳಿಗೆ ಎಷ್ಟು ಸವೆದಿದೆ, ಎಷ್ಟು ಉಜ್ಜಿದ್ದಾರೆ ಎಂಬುದನ್ನು ಅಳೆಯಬೇಕು. 12 ಬೋರಿನ ಒಳವ್ಯಾಸ 0.729 ಇಂಚು ಎಂದು ಮುದ್ರೆಯಿದ್ದು ಈಗ ಸುಮಾರು 0.010 ಇಂಚು ಹಿಗ್ಗಿದ್ದರೆ ಹಳೆಯ ಪ್ರೂಫ್‌ಗೆ ಬೆಲೆಯಿಲ್ಲ. ನಳಿಗೆಯ ಗೋಡೆ ಎಲ್ಲಿಯೂ 0.020 ಇಂಚಿಗಿಂತ, ಅಂದರೆ ಅರ್ಧ ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹಾರಿಸಬೇಡಿ. ಇದಕ್ಕೆ ಕೋವಿ ರಿಪೇರಿಯವರ ಗೇಜ್ ಬೇಕು, ಕಣ್ಣಂದಾಜು ನಡೆಯುವುದಿಲ್ಲ. ನಳಿಗೆಯನ್ನು ಕೊಕ್ಕೆಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ: ಗಂಟೆಯಂತೆ ಮೊಳಗಬೇಕು. ಡಬ್‌ ಎಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ (ರಿಬ್) ಬೆಸುಗೆ ಬಿಟ್ಟಿರಬಹುದು.

ಹೆಚ್ಚಿನವರು ಎಡವುವುದು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಭಾಗದ, ಉದ್ದದಲ್ಲಿ. ಹಳೆಯವು ಬಹುತೇಕ 2½ ಇಂಚು, ಅಂದರೆ 65 ಮಿಮೀ. ತೋಟಾದ ಮೇಲಿನ 70 ಮಿಮೀ ಎಂಬುದು ಸುಟ್ಟು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾಗಾಗಿ ಹೊಸ ತೋಟಾ ಚಿಕ್ಕ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ. ಈಡು ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ‘ಕೂರಿತು’ ಎಂಬುದು ಪರೀಕ್ಷೆಯಲ್ಲ. ಚೇಂಬರ್ ಗೇಜ್ ಹಾಕಿ ನೋಡಿ.

ಈಗ ಚರೆ. ಉಕ್ಕು ಅಗ್ಗ, ಆದರೆ ಚೋಕಿನಲ್ಲಿ, ಅಂದರೆ ನಳಿಗೆಯ ತುದಿಯ ಕಿರಿದಾದ ಭಾಗದಲ್ಲಿ, ಸೀಸದಂತೆ ಹಿಂಡಿಕೊಂಡು ನುಸುಳುವುದಿಲ್ಲ. ಬಿಗಿ ಚೋಕ್ ಇರುವ ತೆಳುನಳಿಗೆಯನ್ನು ಒಳಗಿಂದ ಒತ್ತಿ ಬಳೆಯಂತೆ ಉಬ್ಬಿಸುತ್ತದೆ. ಇಂಥ ಕೋವಿಗೆ ಉಕ್ಕು ಬೇಡವೇ ಬೇಡ. 1050 ಬಾರ್ ಒತ್ತಡದವರೆಗೆ ಹೋಗುವ ಹೈ ಪರ್ಫಾರ್ಮೆನ್ಸ್ ಉಕ್ಕಿನ ತೋಟಾಗಳಂತೂ ಅದಕ್ಕೆಂದೇ ಪ್ರೂಫ್ ಆದ ಹೊಸ ಕೋವಿಗಳಿಗೆ ಮಾತ್ರ. ಹಳೆಯದಕ್ಕೆ ಒಗ್ಗುವುದು ಬಿಸ್ಮತ್ ಎಂಬ ಲೋಹ: ದುಬಾರಿ, ಆದರೆ ಮೃದು, ಮದ್ದಿಗೂ ಚರೆಗೂ ನಡುವೆ ನಾರಿನ ಬಿಲ್ಲೆ (ಫೈಬರ್ ವಾಡ್) ಸಾಕು. ಸಾಂದ್ರತೆ ಸುಮಾರು 9.6, ಸೀಸದ್ದು 11ರ ಆಸುಪಾಸು, ಉಕ್ಕಿನದು 7.8. ಹಗುರವಾದ್ದರಿಂದ ಸೀಸದಲ್ಲಿ ಬಳಸುತ್ತಿದ್ದುದಕ್ಕಿಂತ ಒಂದು ಅಳತೆ ದಪ್ಪ ಚರೆ ತೆಗೆದುಕೊಳ್ಳಿ. ಪಾಲಿಮರ್ ಬೆರೆಸಿದ ಟಂಗ್‌ಸ್ಟನ್ ಮ್ಯಾಟ್ರಿಕ್ಸ್ ಕೂಡ ಆದೀತು. ಬರೀ ‘ಟಂಗ್‌ಸ್ಟನ್’ ಎಂಬ ಹೆಸರಿಗೆ ಮೋಸಹೋಗಬೇಡಿ, ಅದರ ಕೆಲವು ಮಿಶ್ರಲೋಹಗಳು ಉಕ್ಕಿಗಿಂತ ಗಟ್ಟಿ.

ಯಾವ ಚರೆಯೆಂದು ಗೊತ್ತಿಲ್ಲದ ತೋಟಾಗೆ ಅಯಸ್ಕಾಂತ ಹಿಡಿಯಿರಿ, ತಳದ ಲೋಹದಿಂದ ದೂರ, ಚರೆ ಇರುವ ಕಡೆ. ಎಳೆದರೆ ಪಕ್ಕಕ್ಕಿಡಿ. ಎಳೆಯಲಿಲ್ಲ ಎಂದಮಾತ್ರಕ್ಕೆ ಅದು ಬಿಸ್ಮತ್ ಆಗಬೇಕಿಲ್ಲ, ಸೀಸವೂ ಇರಬಹುದು. ಪೆಟ್ಟಿಗೆಯ ಬರಹವಿಲ್ಲದೆ ಬಳಸಬೇಡಿ.

ಮೊದಲ 25 ಈಡಿನ ಬಳಿಕ ಕೋವಿ ಖಾಲಿಮಾಡಿ, ನಳಿಗೆ ಕಳಚಿ ಒರೆಸಿ, ಬೆಳಕಿಗೆ ಹಿಡಿದು ಒಳಗೆ ನೋಡಿ. ಚೋಕಿನ ಹಿಂದೆ ನೆರಳಿನ ಬಳೆ ಕಂಡರೆ, ಅಥವಾ ಹೊರಗೆ ಬೆರಳಾಡಿಸಿದಾಗ ಉಬ್ಬು ಸಿಕ್ಕರೆ, ಅಲ್ಲಿಗೇ ನಿಲ್ಲಿಸಿ ರಿಪೇರಿಯವರಿಗೆ ಒಪ್ಪಿಸಿ.